ಹೊರಡದ ಆದೇಶ

"ಆಸ್ಪತ್ರೆಗಳ ಈ ಖರ್ಚು ನಿಲ್ಲಲಿ" ಎಂದರು ರಾಷ್ಟ್ರಾಧ್ಯಕ್ಷರು, ಟೀವಿಯಲ್ಲಿ. ವಾರ್ಡಿನ ಡಯಾಲಿಸಿಸ್ ಯಂತ್ರಗಳು ಎಂದಿನಂತೆ ಆ ದನಿ ಕೇಳಿದ್ದೇ ನಿಂತವು.

ದೇವೀರಮ್ಮ ಅಭ್ಯಾಸದಂತೆ ಯಂತ್ರದ ಹಿಡಿ ತಿರುಗಿಸಿ, ಕೊಳವೆಯಲ್ಲಿ ಉಳಿದಿದ್ದ ಗಂಡನ ರಕ್ತವನ್ನು ಮೈಗೆ ಮರಳಿಸಿದಳು. ರಕ್ತ ಶುದ್ಧಿ ಮಾಡುವುದು ಮಾತ್ರ ಕೈಯಿಂದ ಆಗುವ ಕೆಲಸವಲ್ಲ.

"ಹಣ ನಿಲ್ಲಿಸೋ ಅಧಿಕಾರ ಸಂಸತ್ತಿಗೆ ಮಾತ್ರ ಅಲ್ವಾ, ಸಿಸ್ಟರ್?"

"ಹೌದಮ್ಮ. ಕೋರ್ಟು ಪ್ರತಿಸಲ ಅದನ್ನೇ ಹೇಳುತ್ತೆ."

"ಯಂತ್ರಕ್ಕೆ ಹೇಳಲ್ವಾ?"

"ಅದಕ್ಕೆ ಅವರ ದನಿ ಒಂದೇ ಗೊತ್ತು," ಎಂದರು ಸಿಸ್ಟರ್ ಫಿಲೋಮಿನಾ.

ವಾರದ ಮೇಲೆ ತೀರ್ಪು ಬಂತು: ಆ ಆದೇಶ ಹೊರಡಲೇ ಇಲ್ಲವೆಂದು ಭಾವಿಸತಕ್ಕದ್ದು. ರಾಷ್ಟ್ರಾಧ್ಯಕ್ಷರು ಅದನ್ನು ಟೀವಿಯಲ್ಲಿ ಓದಿ ಹೇಳಿದ್ದೇ ಯಂತ್ರಗಳೆಲ್ಲ ಮತ್ತೆ ತಿರುಗಿದವು, ಖಾಲಿ ಹಾಸಿಗೆಯ ಪಕ್ಕದ್ದೂ.

ಗಂಡನ ಬಟ್ಟೆಚೀಲ ಒಯ್ಯಲು ಬಂದಿದ್ದ ದೇವೀರಮ್ಮ ಕೇಳಿದಳು: "ಹಾಗಾದ್ರೆ ನಮ್ಮ ಯಜಮಾನ್ರೂ ಸತ್ತೇ ಇಲ್ಲ ಅಂತ ತಿಳ್ಕೋಬೇಕಾ, ಸಿಸ್ಟರ್?"