ಬದುವಿನ ಮೇಲಿನ ಚಪ್ಪಲಿ

ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದ ವಾಸನೆ ಬಂದರೆ ಇವತ್ತಿಗೂ ನನಗೆ ಹಲಗೇರಿಯ ನಮ್ಮ ಹೊಲ, ಆ ಶೀಗಿ ಹುಣ್ಣಿಮೆಯ ಮಧ್ಯಾಹ್ನ ನೆನಪಾಗುತ್ತದೆ.

ಪುಂಡಿಪಲ್ಯ, ಕಡಬಿನ ಹಬ್ಬದಡುಗೆಯನ್ನು ಭೂಮಿತಾಯಿಗೆ ಎಡೆಯಾಗಿ ಹೊಲದ ತುಂಬ ಎರಚಿ ಚರಗ ಚೆಲ್ಲಲು ಅಜ್ಜಿ, ಕಾಕಾ, ನಾನು ಹೋಗಿದ್ದೆವು. ಜಾಲಿ ಕಡಿದು ಆ ಹೊಲ ಮಾಡಿದ ಹಿರಿಯರನ್ನು ಅಲ್ಲೇ ಮಣ್ಣು ಮಾಡಿ, ಗುರುತಿಗೆ ಕಲ್ಲು ನಿಲ್ಲಿಸಿದ್ದರಂತೆ. ಪ್ರತಿವರ್ಷ ಅಜ್ಜಿ ಆ ಕಲ್ಲುಗಳ ಹತ್ತಿರ ಬಂದಾಗ ಚಪ್ಪಲಿ ಕಳಚಿ, ಕಡಬು ಇಟ್ಟು ಕೈ ಮುಗಿಯುತ್ತಿದ್ದಳು. ಆ ವರ್ಷದ ಬೇಸಿಗೆಯಲ್ಲಿ ಕಾಕಾ ಟ್ರ್ಯಾಕ್ಟರ್ ಹಚ್ಚಿ ಹೊಲ ಸಮ ಮಾಡಿಸಿದ್ದ. ಈಗ ಎಲ್ಲಿ ನೋಡಿದರೂ ಹತ್ತಿಗಿಡ. ಕಲ್ಲು ಒಂದೂ ಇರಲಿಲ್ಲ.

ಅಜ್ಜಿ ಬದುವಿನ ಮೇಲೆ ನಿಂತು ಹೊಲದ ತುಂಬ ಕಣ್ಣಾಡಿಸಿದಳು.

“ಹಿರ್ಯಾರು ಎಲ್ಲೆದಾರಪಾ?”

“ಅಲ್ಲೇ ಎಲ್ಲೋ ನಡುವ, ಅವ್ವಾ. ಖರೇ ಹೇಳ್ತೇನಿ, ನನಗೂ ತಿಳೀವಲ್ದು,” ಎಂದ ಕಾಕಾ.

ಅಜ್ಜಿ ಬೈಯಲಿಲ್ಲ. ಚಪ್ಪಲಿಯನ್ನು ಬದುವಿನ ಮೇಲೇ ಬಿಟ್ಟಳು.

“ಇಲ್ಲೇ ಯಾಕ ಬಿಟ್ಟಿ, ಅಜ್ಜಿ?” ಎಂದೆ.

“ಎಲ್ಲೆದಾರ ಅನ್ನೂದು ಗೊತ್ತಿಲ್ಲಲ್ಲ. ಯಾರ ಮ್ಯಾಲ ಕಾಲಿಡ್ತೇನೋ ಏನೋ.”

ಕಾದ ಎರೆಮಣ್ಣಿನಲ್ಲಿ ಇಡೀ ಹೊಲ ಬರಿಗಾಲಲ್ಲಿ ತಿರುಗಿ ಅವಳು ಚರಗ ಚೆಲ್ಲಿದಳು. ನಾನೂ ಬರಿಗಾಲಲ್ಲೇ ಹಿಂದೆ ಹೋದೆ. ತಿರುಗಿ ಬಂದಾಗ ಅಜ್ಜಿಯ ಚಪ್ಪಲಿಯ ಪಕ್ಕ ಕಾಕಾನ ಚಪ್ಪಲಿಯೂ ಇತ್ತು. ಕಾಕಾ ಹೊಲದ ನಡುವೆ ಬಗ್ಗಿ, ಹತ್ತಿಗಿಡ ಸರಿಸುತ್ತ ನೆಲ ನೋಡುತ್ತಿದ್ದ.