ಹೆಂಡತಿಗೂ ಅನ್ವಯಿಸುತ್ತದೆ

ಕಾಯಿಲೆ ಏನಾದರೂ ಇದೆಯೇ ಎಂದು ಕೇಳಿದಾಗ ಆಕೆ ನಿಜ ಹೇಳಿದಳು. ವಿಮೆ ಏಜೆಂಟ್ ಪೆನ್ನಿನ ಮುಚ್ಚಳ ಹಾಕಿಬಿಟ್ಟ.

“ಹೃದಯದ ಕವಾಟ ಅಂದ್ರಾ? ಆಪರೇಷನ್ ಆಗಬೇಕಾ?”

“ಬೇಗ ಆಗಬೇಕಂತೆ.”

“ಹಾಗಾದ್ರೆ ಕಷ್ಟ ಮೇಡಂ. ಪಾಲಿಸಿ ಸಿಕ್ಕರೂ, ಮೊದಲೇ ಇರೋ ಕಾಯಿಲೆಗೆ ವರ್ಷಗಟ್ಟಲೆ ಕಾಯಬೇಕು. ಅಲ್ಲೀವರೆಗೆ ನೀವು...” ಆತ ಮಾತು ನುಂಗಿಕೊಂಡ. “ಯಾವುದಾದ್ರೂ ದೊಡ್ಡ ಕಂಪನೀಲಿ ಕೆಲಸದಲ್ಲಿ ಇದ್ದಿದ್ರೆ ಮಾತೇ ಬೇರೆ. ಅಲ್ಲಿ ಮೊದಲ ದಿನದಿಂದಲೇ ಎಲ್ಲಾದಕ್ಕೂ ಬರುತ್ತೆ.”

ಆಕೆಗೆ ಕಂಪನಿ ಇರಲಿಲ್ಲ. ಮನೆ ಮಾರಿಸಿಕೊಡುವ ಬ್ರೋಕರ್ ಆಕೆ. ಆಫೀಸು ಎಂದರೆ ಹೆಗಲಿನ ಚೀಲ. ಅದರ ತುಂಬ ಬೇರೆಯವರ ಮನೆಗಳ ಬೀಗದ ಕೈಗಳು. ಸ್ವಂತ ಕೆಲಸ ಎಂದು ಇಷ್ಟು ಕಾಲ ಜಂಬದಿಂದ ಹೇಳಿಕೊಂಡಿದ್ದಳು. ಈಗ ಆ ಮಾತು ಬಾಯಿಂದ ಬಿದ್ದರೆ ಸಾಕು, ಎದುರಿಗಿದ್ದವರ ಮುಖ ಗಂಭೀರವಾಗುತ್ತಿತ್ತು. ಸಂಬಳದ ಕೆಲಸಕ್ಕೂ ಅಲೆದಳು. ಈ ವಯಸ್ಸಿನಲ್ಲಿ ಯಾರು ಕೊಡುತ್ತಾರೆ? ಕೊಡಲು ಒಪ್ಪಿದ ಒಬ್ಬ ಬಿಲ್ಡರ್, ಆರೋಗ್ಯ ತಪಾಸಣೆ ಮಾಡಿಸಿಕೊಂಡು ಬನ್ನಿ ಎಂದ. ಆಕೆ ಮತ್ತೆ ಆ ಕಡೆ ಹೋಗಲಿಲ್ಲ.

“ನನ್ನ ಗರ್ಭಕೋಶದ ಆಪರೇಷನ್ ಆಗಿದ್ದು ನಿನ್ನ ಭಾವನ ಕಂಪನಿ ವಿಮೇಲೇ ಅಲ್ವೇನೇ?” ಎಂದಳು ಅಕ್ಕ, ಬಟ್ಟೆ ಮಡಚುತ್ತ. “ಕಂಪನಿಯವನು ಯಾರಾದ್ರೂ ಸಿಕ್ಕಿದ್ರೆ ಕಟ್ಟಿಕೋ. ಹೆಂಡತಿಗೂ ಬರುತ್ತೆ.”

ಅಕ್ಕ ತಮಾಷೆಗೆ ಹೇಳಿ ನಕ್ಕಳು. ತಂಗಿ ನಗಲಿಲ್ಲ. ಆಕೆಗೆ ಕಿಟಕಿ ಸಾಹೇಬರ ನೆನಪಾಗಿತ್ತು.

ಅದು ಒಬ್ಬ ಗಿರಾಕಿಗೆ ಆಕೆ ಇಟ್ಟ ಅಡ್ಡಹೆಸರು. ದೊಡ್ಡ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದ, ಮದುವೆ ಗೊಡವೆಗೇ ಹೋಗದ ನಡುವಯಸ್ಸಿನ ಮನುಷ್ಯ. ಮನೆ ಕೊಳ್ಳಲು ಬಂದವರು ನಲ್ಲಿ ತಿರುಗಿಸುತ್ತಾರೆ, ಗೋಡೆಯ ಬಿರುಕಿಗೆ ಉಗುರು ಹಾಕುತ್ತಾರೆ. ಈತ ಕಿಟಕಿ ತೆರೆದು ಸುಮ್ಮನೆ ನಿಲ್ಲುತ್ತಿದ್ದ. “ಆಫೀಸಲ್ಲಿ ನನ್ನ ಮೇಜಿನ ಹತ್ತಿರ ಕಿಟಕೀನೇ ಇಲ್ಲ,” ಎನ್ನುತ್ತಿದ್ದ. ಎಷ್ಟು ಮನೆ ತೋರಿಸಿದರೂ ಬೇಡ ಎನ್ನುತ್ತಿರಲಿಲ್ಲ. ಬೇಕು ಎಂದೂ ಹೇಳುತ್ತಿರಲಿಲ್ಲ.

ಮೊದಲಾಗಿದ್ದರೆ ಇಂಥವನನ್ನು ಆಕೆ ಎಂದೋ ಕೈಬಿಡುತ್ತಿದ್ದಳು. ಈಗ ತಾನೇ ಫೋನ್ ಮಾಡಿ ಕರೆಯತೊಡಗಿದಳು. ಆತನಿಗೆ ಹೊಂದದ ಮನೆಗಳನ್ನೂ ತೋರಿಸಿದಳು. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದರೆ ತಿರುವಿನಲ್ಲಿ ನಿಂತು ಗೋಡೆಯ ಬಣ್ಣವನ್ನು ಹೊಗಳುತ್ತಿದ್ದಳು. ಆತ ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಿದ್ದ. ಆಮೇಲೆ ಪ್ರಶ್ನೆ ಶುರು.

“ಮಾಲೀಕರು ನಿಮ್ಮನ್ನ ನಂಬಿ ಬೀಗದ ಕೈ ಕೊಡಬೇಕಾದ್ರೆ ಮೊದಲು ಏನು ಕೇಳ್ತಾರೆ?”

“ಯಾಕೆ, ನಮ್ಮ ಕಮಿಷನ್ ಜಾಸ್ತಿ ಅನ್ನಿಸ್ತಾ?”

“ಹಾಗಲ್ಲ. ಗಿರಾಕಿ ನಿಜವಾಗಿ ಕೊಳ್ತಾನೋ, ಸುಮ್ಮನೆ ಬಂದಿದ್ದಾನೋ, ನಿಮಗೆ ಹೇಗೆ ಗೊತ್ತಾಗುತ್ತೆ?”

“ಸುಮ್ಮನೆ ಬಂದವರು ತುಂಬಾ ಪ್ರಶ್ನೆ ಕೇಳ್ತಾರೆ.”

ಆತ ಮುಜುಗರದಿಂದ ನಕ್ಕ. ಒಂದು ಭಾನುವಾರ, ಖಾಲಿ ಹಾಲ್‌ನಲ್ಲಿ ಇಬ್ಬರ ದನಿಯೂ ಪ್ರತಿಧ್ವನಿಸುತ್ತಿದ್ದಾಗ, ಆಕೆ ಗಟ್ಟಿ ಮನಸ್ಸು ಮಾಡಿದಳು.

“ನಿಮ್ಮ ಕಂಪನೀಲಿ ಮನೆಯವರಿಗೆಲ್ಲ ಒಳ್ಳೆ ಅನುಕೂಲ ಇದೆಯಂತಲ್ಲ?”

“ಇದೆ. ಅನುಭವಿಸೋಕೆ ಮನೆಯವರೇ ಇಲ್ಲ.”

“ಯಾಕಿಲ್ಲ? ಬೇಕು ಅಂದ್ರೆ ತಾನೇ ಬರೋದು.”

ಆತ ಕಿಟಕಿಯತ್ತ ತಿರುಗಿದ. ಕಿವಿ ಕೆಂಪಾಗಿತ್ತು. “ನೀವು ಹೂಂ ಅಂದ್ರೆ,” ಎಂದ, “ನಾನು ನನ್ನ ಜೀವನಾನೇ ಬದಲಾಯಿಸ್ಕೋತೀನಿ.”

“ಹೂಂ,” ಎಂದಳು. ಆತನ ಮಾತು ಮುಗಿದಿತ್ತೋ ಇಲ್ಲವೋ.

ಅಲ್ಲಿಂದ ಮುಂದೆ ಆತ ದಿನವೂ ಸಂಜೆ ಬಂದ. ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡು ಆಕೆಯ ಜೊತೆ ಬೀದಿ ಬೀದಿ ಸುತ್ತಿದ. ಆಕೆ ಗಿರಾಕಿಗಳ ಜೊತೆ ಮಾತಾಡುವಾಗ ಪಕ್ಕದಲ್ಲಿ ನಿಂತು ಮೆಚ್ಚಿ ನೋಡುತ್ತಿದ್ದ. ಆಕೆಗೆ ಒಳಗೊಳಗೇ ಕಸಿವಿಸಿ. ಆತ ಕೆಟ್ಟವನೋ ಒರಟನೋ ಆಗಿದ್ದರೆ ಸುಲಭವಿತ್ತು. ಒಂದು ಸಂಜೆ ಆತ ತಡವಾಗಿ ಬಂದ. ತಾನು ದಾರಿ ನೋಡುತ್ತಿದ್ದುದು ಅರಿವಾಗಿ ಆಕೆ ಬೆಚ್ಚಿದಳು.

ಡಾಕ್ಟರು ಫೋನಿನಲ್ಲಿ ಗದರಿದರು. “ಇನ್ನೂ ಮುಂದೂಡಿದ್ರೆ ನಾನು ಜವಾಬ್ದಾರನಲ್ಲಮ್ಮ.”

“ಒಂದು ಮದುವೆ ಇದೆ ಡಾಕ್ಟ್ರೇ. ಅದು ಮುಗಿದ ತಕ್ಷಣ ಬರ್ತೀನಿ.”

“ಯಾರದು, ಮಗಳದಾ?”

“ನಂದು.”



ನೋಂದಣಿ ಕಚೇರಿಯಲ್ಲಿ ಇಬ್ಬರೂ ಸಹಿ ಹಾಕಿದರು. ಅಕ್ಕ, ಭಾವ ಆಟೋ ಹುಡುಕಲು ಹೋದರು. ಹೊರಗಿನ ಉದ್ದ ಬೆಂಚಿನಲ್ಲಿ ಇಬ್ಬರೇ ಉಳಿದರು. ಆತ ಏನೋ ಹೇಳಲು ಬಾಯಿ ತೆರೆದ. ಆಕೆ ತಡೆದಳು. ಈಗ ಹೇಳದಿದ್ದರೆ ಎಂದೂ ಹೇಳಲಾರೆ ಎನಿಸಿತ್ತು.

“ನನ್ನ ಹೃದಯದ ಕವಾಟ ಕೆಟ್ಟಿದೆ. ಆಪರೇಷನ್ ಆಗದಿದ್ರೆ ನಾನು ಉಳಿಯಲ್ಲ. ಎಲ್ಲೂ ವಿಮೆ ಸಿಗಲಿಲ್ಲ. ನಿಮ್ಮ ಕಂಪನಿ ವಿಮೆಗೋಸ್ಕರ ಹೂಂ ಅಂದೆ. ಆಮೇಲಾಮೇಲೆ ಅದೊಂದಕ್ಕೇ ಆಗಿರಲಿಲ್ಲ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.”

ಆತನ ಮುಖ ಬಿಳಿಚಿಕೊಂಡಿತು.

“ಬೈದುಬಿಡಿ. ಸುಮ್ಮನೆ ಕೂರಬೇಡಿ.”

ಆತ ತಲೆಯಲ್ಲಾಡಿಸಿದ. ಆಕೆಯ ಕೈಯನ್ನು ತನ್ನೆರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದುಕೊಂಡ.

“ನಾನು ಯಾವತ್ತೂ ಮನೆ ಕೊಳ್ಳೋಕೆ ಬಂದಿರಲಿಲ್ಲ, ನಿಮ್ಮ ಕೆಲಸ ಕಲಿಯೋಕೆ ಬರ್ತಿದ್ದೆ,” ಎಂದ. “ಇನ್ಮೇಲೆ ಇಬ್ಬರೂ ಸೇರಿ ಮಾಡೋಣ, ಈ ದಿನ ಹೇಳಿ ನಿಮ್ಮನ್ನ ಖುಷಿಪಡಿಸೋಣ ಅಂತ, ನಿನ್ನೆ ಕಂಪನಿ ಕೆಲಸ ಬಿಟ್ಟುಬಿಟ್ಟೆ.”