ಗಾಳದ ಡಬ್ಬಿಯ ತಳದಲ್ಲಿ

"ಡಬ್ಬಿ ಸ್ವಲ್ಪ ನೋಡಬಹುದಾ?" ಎಂದಳು ಮೀನುಗಾರಿಕೆಯ ಅಧಿಕಾರಿ, ಇಂಗ್ಲಿಷಿನಲ್ಲಿ, ನಗುತ್ತಲೇ.

ಉಮಾಶಂಕರ ನಗಲಿಲ್ಲ. ಹಂಬರ್ ನದಿಯ ನೀರು ಮೊಣಕಾಲಿನವರೆಗೆ ಕೊರೆಯುತ್ತಿತ್ತು. ಅದರ ಮೇಲಿನಿಂದ ಬೆವರು ಶುರುವಾಯಿತು. ಗಾಳದ ಡಬ್ಬಿ ದಡದ ಕಲ್ಲಿನ ಮೇಲಿತ್ತು. ಮೇಲಿನ ಅರೆಯಲ್ಲಿ ಗಾಳಗಳು, ನಡುವಿನದರಲ್ಲಿ ಸೀಸದ ತೂಕಗಳು. ತಳದಲ್ಲಿ, ಹಳೆಯ ಟವೆಲ್ಲಿನಲ್ಲಿ ಸುತ್ತಿದ ಪಿಸ್ತೂಲು.

ಅಧಿಕಾರಿಯ ಸೊಂಟದಲ್ಲೂ ಒಂದಿತ್ತು. ಅದಕ್ಕೆ ಸರ್ಕಾರದ ಬಲವಿತ್ತು. ಇವನದಕ್ಕೆ ಟವೆಲ್ಲು ಮಾತ್ರ.

ಹೋದ ವರ್ಷ ಇದೇ ತಿರುವಿನಲ್ಲಿ ಇಬ್ಬರು ಚಾಕು ತೋರಿಸಿ ಅವನ ಫೋನು, ಗಾಳದ ರಾಡು, ಮದುವೆಯ ಉಂಗುರ ಕಿತ್ತುಕೊಂಡಿದ್ದರು. ಉಂಗುರ ಬೆರಳಿನಿಂದ ಬರಲೊಲ್ಲದಾಗ ಇವನೇ ನದಿಯ ನೀರು ಹಚ್ಚಿ ಜಾರಿಸಿ ಕೊಟ್ಟಿದ್ದ. ಕಳೆದುಕೊಂಡದ್ದಕ್ಕಿಂತ ಆ ಉಪಕಾರವೇ ಅವನ ನಿದ್ದೆ ಕೆಡಿಸಿತ್ತು. ಮೀನು ಹಿಡಿಯುವುದನ್ನು ಬಿಡಲು ಮನಸ್ಸಿಲ್ಲ, ಹೆದರಿಕೆ ತಾನಾಗಿ ಬಿಡುವುದಿಲ್ಲ. ಪರಿಚಯದವರ ಪರಿಚಯದವನೊಬ್ಬನಿಂದ, ಹೆಸರು ಕೇಳದೆ, ಕದ್ದುಮುಚ್ಚಿ ಪಿಸ್ತೂಲು ಕೊಂಡ. ಸಿಕ್ಕಿಬಿದ್ದರೆ ಜೈಲು. ಮುಂದಿನ ವಾರ ಪೌರತ್ವದ ಪ್ರಮಾಣವಚನ ಬೇರೆ, ಅದೂ ನೀರುಪಾಲು.

ಒಮ್ಮೆ ಆ ಪಿಸ್ತೂಲು ಹೆಂಡತಿ ಶೈಲಜಾಳ ಕಣ್ಣಿಗೆ ಬಿದ್ದಿತ್ತು. "ಕಾಡುನರಿ ಬಂದ್ರೆ ಓಡ್ಸೋದು ಕಣೇ, ಬರೀ ಸದ್ದು" ಎಂದು ಬಾಯಲ್ಲೇ 'ಢಂ' ಅನ್ನಿಸಿ, ನರಿ ಕುಂಯ್ಗುಟ್ಟುವುದನ್ನೂ ಮಾಡಿ ತೋರಿಸಿದ್ದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ವಿಷಯ ಅಲ್ಲಿಗೆ ಮುಗಿದಿತ್ತು.

"ಕೊಡು ಮಾರಾಯ" ಎಂದ ಪಕ್ಕದ ಬಂಡೆಯ ಮೇಲಿದ್ದ ಚಂದ್ರಹಾಸ. ಇಬ್ಬರೂ ಒಂದೇ ಆಫೀಸು. ಇವನು ಮೈಸೂರು, ಅವನು ಮಂಗಳೂರು. ಪಿಸ್ತೂಲಿನ ಸುದ್ದಿ ಅವನಿಗೆ ಗೊತ್ತಿರಲಿಲ್ಲ. "ಎಂತ, ಒಳಗೆ ತಿಮಿಂಗಿಲ ಉಂಟಾ?"

ಅಧಿಕಾರಿ ಕುಕ್ಕರಗಾಲಲ್ಲಿ ಕೂತು ಮುಚ್ಚಳ ತೆರೆದಳು.

ಥ್ಯಾಂಕ್ಸ್‌ಗಿವಿಂಗ್ ರಜೆಯೂ ಆಯುಧಪೂಜೆಯೂ ಆ ವರ್ಷ ಒಂದೇ ಸೋಮವಾರ ಬಂದಿದ್ದವು. ರಿಚ್ಮಂಡ್ ಹಿಲ್‌ನ ಮನೆಯಲ್ಲಿ ಅವತ್ತು ಬೆಳಿಗ್ಗೆಯೇ ಶೈಲಜಾ ತಗಾದೆ ತೆಗೆದಿದ್ದಳು. "ಇವತ್ತು ಪೂಜೆಗಿಡೋ ದಿನ ರೀ, ಎತ್ಕೊಂಡು ಹೋಗೋ ದಿನ ಅಲ್ಲ."

"ರಾಡು ಬಿಟ್ಟು ಹೋಗಿ ಮೀನನ್ನ ಹೆಸರು ಹಿಡಿದು ಕೂಗ್ಲಾ?" ಎಂದು ಇವನು ಸ್ನಾನಕ್ಕೆ ಹೋಗಿದ್ದ.

ಹೊರಬಂದಾಗ ಅವಳ ಮುಖ ತಿಳಿಯಾಗಿತ್ತು. ರಾಡಿಗೆ, ಡಬ್ಬಿಗೆ, ಕಾರಿಗೆ ಕುಂಕುಮ ಬಿದ್ದಿತ್ತು. "ಹೋಗ್ಬನ್ನಿ. ನಿಮ್ಮ ಪಾಲಿನ ಪೂಜೆ ನಾನು ನೋಡ್ಕೋತೀನಿ."

ಎಂಥ ಹೆಂಡತಿ ಎಂದುಕೊಂಡಿದ್ದ, ಕಾರು ಹಿಂದಕ್ಕೆ ತೆಗೆಯುತ್ತಾ.

"ಗಾಳ ಸರಿಯಾಗಿದೆ" ಎಂದಳು ಅಧಿಕಾರಿ. ಉಮಾಶಂಕರನ ಎದೆಯ ಜೇಬಿನಲ್ಲಿ ಫೋನು ಗುಯ್‌ಗುಟ್ಟಿತು. ಮತ್ತೊಮ್ಮೆ. ಇನ್ನೊಮ್ಮೆ. "ತುರ್ತಿರಬೇಕು, ನೋಡಿ" ಎಂದಳು ಅವಳು.

ಅವನು ಬೇಡವೆಂದು ತಲೆಯಾಡಿಸಿದ. ಕಣ್ಣು ಡಬ್ಬಿಯ ಮೇಲೇ ಇತ್ತು.

ಚಂದ್ರಹಾಸ ಗಂಟಲು ಸರಿಮಾಡಿಕೊಂಡು ಕನ್ನಡ ಸಂಘದ ಅಧ್ಯಕ್ಷರ ದನಿ ತೆಗೆದ. "ಮಾನ್ಯ ಸದಸ್ಯರೇ, ಈಗ ಎರಡನೇ ಅರೆಯ ಉದ್ಘಾಟನೆ. ದಯವಿಟ್ಟು ಚಪ್ಪಾಳೆ."

"ಸುಮ್ನಿರೋ" ಎಂದ ಉಮಾಶಂಕರ. ಅದು ಬೈಗುಳದಂತೆ ಕೇಳಲಿಲ್ಲ, ಬೇಡಿಕೊಂಡಂತಿತ್ತು.

ಓಡೋಣವೆಂದರೆ ಹಿಂದೆ ನದಿ. ಹೇಳಿಬಿಡೋಣವೆಂದರೆ ಮುಂದೆ ಜೈಲು. ಅಧಿಕಾರಿ ತಳದ ಅರೆಯ ಚಿಲಕಕ್ಕೆ ಕೈಹಾಕಿದಳು. ನಿಂತಳು. ಬೆರಳು ಎತ್ತಿ ನೋಡಿದಳು. ಕೆಂಪು.

"ಇದು ರಕ್ತವೇ?"

ಅವಳು ಅರೆ ಎಳೆದಳು, ಟವೆಲ್ಲು ಹೊರತೆಗೆದಳು, ಒಂದೊಂದೇ ಸುತ್ತು ಬಿಚ್ಚಿದಳು. ಉಮಾಶಂಕರ ಕಣ್ಣು ಮುಚ್ಚಿದ.

"ನಿಂಬೆಹಣ್ಣು" ಎಂದಳು ಅಧಿಕಾರಿ.

"ನಿಂಬೆಹಣ್ಣು?" ಎಂದ ಉಮಾಶಂಕರ.

ಕುಂಕುಮ ಹಚ್ಚಿದ, ದುಂಡನೆಯ ಒಂದು ನಿಂಬೆಹಣ್ಣು. ಮತ್ತೇನೂ ಇಲ್ಲ. ಮೊನ್ನೆ ಗ್ಯಾರೇಜಿನಲ್ಲಿ ಡಬ್ಬಿ ತೊಳೆದದ್ದು ನೆನಪಾಯಿತು. ಪಿಸ್ತೂಲನ್ನು ಅಲ್ಲೇ ಮರೆತಿರಬೇಕು! ತಾಯಿ ಚಾಮುಂಡಿ ಕೈಹಿಡಿದಳು. ಮನೆಗೆ ಹೋದವನೇ ಆ ಶನಿಯನ್ನು ತೊಲಗಿಸುತ್ತೇನೆ, ಇನ್ನು ಬಾಳಿನಲ್ಲಿ ಮುಟ್ಟುವುದಿಲ್ಲ ಎಂದು ಅಲ್ಲೇ, ನೀರಿನಲ್ಲಿ ನಿಂತೇ, ಹರಕೆ ಹೊತ್ತ.

"ಕುಂಕುಮ ಅಂತ ಹೇಳು ಮಾರಾಯ" ಎಂದ ಚಂದ್ರಹಾಸ. "ಕೊಲೆ ಕೇಸು ಹಾಕಿಯಾಳು."

ಕಟ್ಟಿದ್ದ ನಾಲಿಗೆ ಒಮ್ಮೆಗೇ ಹರಿಯತೊಡಗಿತು. ರಕ್ತವಲ್ಲ ಮೇಡಂ, ಪೂಜೆಯ ಪುಡಿ. ನಮ್ಮನ್ನು ಸಾಕುವ, ಕಾಯುವ ವಸ್ತುಗಳನ್ನೆಲ್ಲ ಈ ದಿನ ದೇವರ ಮುಂದಿಟ್ಟು ಕೈಮುಗಿಯುತ್ತೇವೆ. ಚಾಕು, ಕಾರು, ಕಂಪ್ಯೂಟರು, ಯಾವುದನ್ನೂ ಬಿಡುವುದಿಲ್ಲ.

"ಎಷ್ಟು ಚೆಂದದ ಹಬ್ಬ!" ಅಧಿಕಾರಿಯ ನಗು ಮರಳಿತ್ತು. "ನೋಡಬೇಕಿತ್ತು ನಾನು."

"ಫೋಟೊ ತೋರ್ಸು" ಎಂದ ಚಂದ್ರಹಾಸ. "ಅತ್ತಿಗೆ ಸಂಘದ ಗ್ರೂಪಿಗೆ ಹಾಕಿರ್ತಾರೆ. ಮತ್ತೆ ಆಗಿಂದ ನಿನ್ನ ಜೇಬು ಸುಮ್ಮನೆ ನಡುಗ್ತಾ ಉಂಟಾ?"

ಉಮಾಶಂಕರ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ. ಶೈಲಜಾ ಕಳಿಸಿದ ಚಿತ್ರವನ್ನು ತೆರೆದು, ಅದರ ಕೆಳಗೆ ಸಂಘದವರು ಹಾಕಿದ್ದ ಮುಗಿದ ಕೈಗಳ ಸಾಲನ್ನಷ್ಟೇ ನೋಡಿ ಖುಷಿಪಟ್ಟು, ತಾನೇ ಮುಂದೆ ಬಂದು ಫೋನನ್ನು ಅಧಿಕಾರಿಯ ಕೈಗಿತ್ತ.

"ಕಾರಿನ ಕೀಲಿ... ಲ್ಯಾಪ್‌ಟಾಪು... ಇದು ಮಿಕ್ಸರ್ ಅಲ್ಲವೇ?" ಅವಳು ತೆರೆಯ ಮೇಲೆ ಎರಡು ಬೆರಳಿಟ್ಟು ಚಿತ್ರವನ್ನು ಹಿಗ್ಗಿಸಿದಳು. ಮತ್ತೂ ಹಿಗ್ಗಿಸಿದಳು. ನಗು ನಿಂತಿತು. ಇನ್ನೊಂದು ಕೈ ಮೆಲ್ಲಗೆ ತನ್ನ ಸೊಂಟಕ್ಕೆ ಹೋಯಿತು.

ಲ್ಯಾಪ್‌ಟಾಪಿಗೂ ಮಿಕ್ಸಿಗೂ ನಡುವೆ, ಬಾಳೆಲೆಯ ಮೇಲೆ, ನಳಿಗೆಗೊಂದು ಚೆಂಡುಹೂ ಸಿಕ್ಕಿಸಿಕೊಂಡು ಅದು ಮಲಗಿತ್ತು; ಕೆಳಗೆ ಶೈಲಜಾ ಬರೆದಿದ್ದಳು: "ನಮ್ಮನೆಯವರ ನರಿ ಓಡಿಸೋ ಆಯುಧ."